ಕಲ್ಲಿನ ಮುಂದೆ ಫೋನು

ಫೋನ್ ಗೈಡುಗಳು ಶಾಸನದ ಕಥೆ ಹೇಳ್ತವೆ, ಅಕ್ಷರ ತೋರಿಸೋದಿಲ್ಲ; ನನ್ನ ತಕರಾರು ಇದು. ಮಿಥಿಕ್ ಸೊಸೈಟಿಯವರ ಬೆಂಗಳೂರು ಶಾಸನಗಳ 3ಡಿ ಸ್ಕ್ಯಾನ್ ನೋಡಿ, ಕಲ್ಲಿನಲ್ಲಿ ಕಣ್ಣಿಗೆ ಬೀಳದ ಸವೆದ ಗೆರೆಯೂ ಕಾಣುತ್ತದೆ. ಮಳೆಗೆ ಪಾಚಿ ಹಿಡಿಯುವ ಸಕಲೇಶಪುರ, ಆಲೂರಿನ ಕಲ್ಲುಗಳಿಗೆ ಅಂಥ ಚಿತ್ರ, ಕೆಳಗೆ ಸಾಲು ಸಾಲಾಗಿ ಪಾಠ, ಎರಡೂ ಬೇಕು.

ಕಲ್ಲು ಹುಡುಕೋದೇ ಇನ್ನೊಂದು ಫಜೀತಿ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ 5ನೇ ಸಂಪುಟದಲ್ಲಿ (1902) ಸಕಲೇಶಪುರದ ಕಡೆಯ ಶಾಸನಗಳು ಆಗಿನ ಮಂಜರಾಬಾದು ತಾಲ್ಲೂಕಿನ ಹೆಸರಲ್ಲಿವೆ. ಇವತ್ತು ಆ ಹೆಸರು ಒತ್ತಿದರೆ ಫೋನು ಸೀದಾ ಟಿಪ್ಪುವಿನ ನಕ್ಷತ್ರಾಕಾರದ ಕೋಟೆಗೆ ಕರೆದೊಯ್ಯುತ್ತೆ! ಗೈಡಿನಲ್ಲಿ ಹಳೆಯ ತಾಲ್ಲೂಕು, ಶಾಸನ ಸಂಖ್ಯೆ, ಈಗಿನ ಊರು ಮೂರೂ ಇರಲಿ. ಘಟ್ಟದಲ್ಲಿ ಸಿಗ್ನಲ್ ನಂಬೋ ಹಾಗಿಲ್ಲ, ಹೊರಡೋ ಮೊದಲೇ ಎಲ್ಲ ಇಳಿಸಿಕೊಳ್ಳುವಂತಿರಬೇಕು.