ಎತ್ತರವೇ ಬಲವಲ್ಲ

ಮರಳವಾಡಿ ಹೋಬಳಿಯ ಒಳದಾರಿಗಳಲ್ಲಿ ಹಿಂದಿನ ಸಸ್ಪೆನ್ಷನ್ ಬದಲಾಯಿಸಿಕೊಂಡ ಗಾಡಿಗಳು ಎರಡು ಬಗೆ. ಹಿಪ್ಪುನೇರಳೆ ಸೊಪ್ಪು, ಮೇವು, ಮಾವಿನ ಕ್ರೇಟು ಹೊರುವ ಪಿಕಪ್ ಒಂದು. ಭಾನುವಾರ ಬೆಂಗಳೂರಿನಿಂದ ಬಂದು ಬಂಡೆ ಹತ್ತುವ ಜಿಪ್ಸಿ, ಥಾರ್, ಹಳೆಯ ಮಹೀಂದ್ರ ಜೀಪು ಇನ್ನೊಂದು. ಕೆಲಸ ಬೇರೆಯಾದರೂ ಬಯಕೆ ಒಂದೇ: ಹಿಂಭಾಗ ಎದ್ದು ನಿಲ್ಲಬೇಕು. ಹೊರೆ ಹೊರುವ ಪಿಕಪ್ಪಿನವರ ಬಯಕೆಗೆ ಅರ್ಥವಿದೆ. ಜೀಪಿನವರು ಅದನ್ನೇ ನಕಲು ಮಾಡಿದಾಗ ಕೈಯಾರೆ ದುಡ್ಡು ಕೊಟ್ಟು ಗಾಡಿಯ ಗುಣ ಕೆಡಿಸಿಕೊಳ್ಳುತ್ತಾರೆ.

ಕಾರಣ ಇಲ್ಲಿನ ನೆಲದಲ್ಲೇ ಇದೆ. ಗ್ರಾನೈಟ್ ಹಾಸುಬಂಡೆ, ನಡುನಡುವೆ ಮಳೆನೀರು ಕೊರೆದ ಕೆಮ್ಮಣ್ಣಿನ ಕೊರಕಲು. ಅಂಥ ಕಡೆ ಓರೆಯಾಗಿ ದಾಟುವಾಗ ಹಿಂದಿನ ಎಡಚಕ್ರ ಬಂಡೆಯೇರಿದರೆ ಬಲಚಕ್ರ ಗುಂಡಿಗೆ ಇಳಿಯಬೇಕು. ಇಳಿಯದೆ ಗಾಳಿಯಲ್ಲಿ ತೂಗಿತೋ, ಲಾಕ್ ಇಲ್ಲದ ಡಿಫರೆನ್ಷಿಯಲ್‌ನಲ್ಲಿ ಆ ಚಕ್ರ ಗಿರ್ರನೆ ಸುತ್ತುತ್ತದೆ. ನೆಲ ಕಚ್ಚಿದ ಚಕ್ರಕ್ಕೆ ಎಳೆಯುವ ಬಲವೇ ಸಿಗುವುದಿಲ್ಲ. ಹಾಗಾಗಿ ಸಸ್ಪೆನ್ಷನ್ನನ್ನು ಅಳೆಯಬೇಕಾದದ್ದು ಚಕ್ರ ಎಷ್ಟು ದೂರ ನೆಲವನ್ನು ಬಿಡದೆ ಹಿಂಬಾಲಿಸುತ್ತದೆ ಎಂಬುದರಿಂದ. ಎಷ್ಟು ಇಂಚು ಎದ್ದಿದೆ ಎಂಬ ಲೆಕ್ಕ ಆಮೇಲಿನದು.

ಈ ಅಳತೆಯಲ್ಲಿ ಮೊದಲು ಸೋಲುವುದು ಹೆಚ್ಚುವರಿ ಪ್ಲೇಟ್ ಸೇರಿಸುವ ಅಗ್ಗದ ದಾರಿ. ಮೆಕ್ಯಾನಿಕ್ ಯು-ಬೋಲ್ಟ್ ಸಡಿಲಿಸಿ, ಸೆಂಟರ್ ಬೋಲ್ಟ್ ತೆಗೆದು, ಕಮಾನಿನ (ಲೀಫ್ ಸ್ಪ್ರಿಂಗ್‌ನ) ಕಟ್ಟಿಗೆ ಇನ್ನೆರಡು ಪ್ಲೇಟ್ ಕೂರಿಸಿ ಬಿಗಿಯುತ್ತಾನೆ. ಗಾಡಿ ಏಳುತ್ತದೆ ನಿಜ. ಆದರೆ ಒಂದು ಪ್ಲೇಟಿನ ದಪ್ಪ ಇಮ್ಮಡಿಯಾದರೆ ಅದರ ಬಿಗಿ ಎಂಟು ಪಟ್ಟಾಗುತ್ತದೆ. ಅದೇ ದಪ್ಪದ ಪ್ಲೇಟುಗಳನ್ನು ಸೇರಿಸುತ್ತ ಹೋದರೂ ಬಿಗಿ ಏರುತ್ತಲೇ ಹೋಗುತ್ತದೆ. ಒಂದು ಟನ್ ಹೊರೆಯ ಕೆಳಗೆ ಬಾಗುವ ಕಮಾನು ಖಾಲಿ ಜೀಪಿನ ಕೆಳಗೆ ಮಿಸುಕುವುದೇ ಇಲ್ಲ. ಪ್ಲೇಟನ್ನು ಬಡಿದು ಬಾಗು ಏರಿಸಿದ್ದರಂತೂ, ಹದವಾಗಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದ ಕೊಡದಿದ್ದರೆ ಬೇಗನೆ ಕುಸಿಯುತ್ತದೆ.

ಎರಡನೆಯದು ಜಿಪ್ಸಿಯವರ ಅಚ್ಚುಮೆಚ್ಚು. ಆಕ್ಸಲ್‌ನ ಕೆಳಗಿರುವ ಕಮಾನನ್ನು ಅದರ ಮೇಲಕ್ಕೆ ಹಾಕುವುದು. ಗಾಡಿ ಐದು ಇಂಚಿನ ಆಸುಪಾಸು ಎದ್ದರೂ ಕಮಾನಿನ ಮೆದುತನ ಉಳಿಯುತ್ತದೆ, ಆದ್ದರಿಂದ ಚಕ್ರ ಇಳಿಯುತ್ತದೆ. ಇದು ಮೆಚ್ಚಬೇಕಾದ ಕೆಲಸ. ತೊಡಕು ಮುಂದಿದೆ: ಕಮಾನು ಗಾಡಿಯ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ಲನ್ನು ತನ್ನ ಜಾಗದಲ್ಲಿ ಹಿಡಿದಿಡುವುದೂ ಅದೇ. ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿಕೊಳ್ಳಲು ನೋಡುತ್ತದೆ. ಆಕ್ಸಲ್ ಕಮಾನಿನಿಂದ ಕೆಳಗಿಳಿದಷ್ಟೂ ಆ ತಿರುಚು ಕಮಾನನ್ನು ಇಂಗ್ಲಿಷಿನ ಎಸ್ ಆಕಾರಕ್ಕೆ ಬಾಗಿಸುತ್ತದೆ. ಪಿನಿಯನ್ ಕೋನ ಸರಿಪಡಿಸದೆ ಬಿಟ್ಟರೆ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ, ಜಾಯಿಂಟ್ ಕ್ರಾಸ್ ಸವೆಯುತ್ತದೆ. ಬ್ರೇಕ್ ಹೋಸ್ ಉದ್ದ ಮಾಡಿಸದವನು ಚಕ್ರ ಪೂರ್ತಿ ಇಳಿದ ದಿನ ಅದನ್ನು ಹರಿದುಕೊಳ್ಳುತ್ತಾನೆ.

ಮೂರನೆಯದೇ ಈಗಿನ ಹುಚ್ಚು: ಕಮಾನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸುವುದು. 2010ರ ಥಾರ್‌ಗೆ ಹಿಂದೆ ಕಮಾನಿತ್ತು. 2020ರ ಹೊಸ ಥಾರ್‌ಗೆ ಕಂಪನಿಯೇ ಕಾಯಿಲ್ ಕೊಟ್ಟಿತು. ಅದನ್ನು ನೋಡಿ ಹಳೆಯ ಗಾಡಿಗೂ ಹಾಗೇ ಬೇಕೆಂದು ಹಲವರು ಹಟ ಹಿಡಿಯುತ್ತಾರೆ. ಕಾಯಿಲ್‌ಗೆ ಭಾರ ಹೊರುವುದೊಂದೇ ಗೊತ್ತು. ಆಕ್ಸಲ್ ಹಿಂದೆಮುಂದೆ ಸರಿಯದಂತೆ, ತಿರುಚದಂತೆ ಹಿಡಿಯಲು ಕೆಳಗೆ ಎರಡು, ಮೇಲೆ ಎರಡು ಲಿಂಕ್ ಬೇಕು. ಪಕ್ಕಕ್ಕೆ ಸರಿಯದಿರಲು ಪ್ಯಾನ್‌ಹಾರ್ಡ್ ರಾಡ್, ಇಲ್ಲವೇ ಮೇಲಿನ ಎರಡು ಲಿಂಕುಗಳನ್ನು ಓರೆಯಾಗಿ ಕೂರಿಸಬೇಕು. ಲಿಂಕಿನ ಉದ್ದ, ಕೋನ ಸರಿಯಿದ್ದರೆ ಬಂಡೆಯ ಮೇಲೆ ಇದಕ್ಕೆ ಸಾಟಿಯಿಲ್ಲ. ಕಣ್ಣಳತೆಯಲ್ಲಿ ಬ್ರಾಕೆಟ್ ಕತ್ತರಿಸಿ ತೆಳು ಚಾಸಿಗೆ ವೆಲ್ಡ್ ಮಾಡಿಸಿಕೊಂಡ ಗಾಡಿ ಮಾತ್ರ ಪ್ರತಿ ಏರಿನಲ್ಲೂ ಆ ಬೆಸುಗೆಯನ್ನೇ ಎಳೆಯುತ್ತಿರುತ್ತದೆ. ಅರೆಬರೆ ಕಾಯಿಲ್‌ಗಿಂತ ಕಂಪನಿಯ ಕಮಾನೇ ವಾಸಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿನ್ಯಾಸ ಬದಲಿಸುವುದಕ್ಕೆ ಅಡ್ಡಿ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಹಳ್ಳಿಯ ಮಕ್ಕಳು ಶಾಲೆಗೆ ನಡೆದುಹೋಗುವ ರಸ್ತೆಯಲ್ಲಿ ಗಾಡಿ ಓಡುವುದರಿಂದ ಈ ಕಟ್ಟುನಿಟ್ಟು ಬರಿಯ ಕಿರಿಕಿರಿ ಅಲ್ಲ. ಎತ್ತರ ಹೆಚ್ಚಿದಷ್ಟೂ ಗಾಡಿಯ ಭಾರಕೇಂದ್ರ ಏರುತ್ತದೆ, ತಿರುವಿನಲ್ಲಿ ಮಗುಚುವ ಅಪಾಯವೂ ಏರುತ್ತದೆ.

ಹಾಗಾದರೆ ಒಳ್ಳೆಯ ಕೆಲಸ ಯಾವುದು? ಉದ್ದನೆಯ, ತೆಳುವಾದ ಹಲವು ಪ್ಲೇಟುಗಳ ಕಮಾನು, ಹೊಸ ಬುಶ್, ಚಕ್ರದ ಪೂರ್ತಿ ಇಳಿತಕ್ಕೆ ಸಾಕಾಗುವ ಶಾಕ್ ಅಬ್ಸಾರ್ಬರ್. ಫೋಟೋದಲ್ಲಿ ಇದು ಮೆರೆಯದು, ಲೈಕೂ ತರದು. ಆದರೂ ದುಡ್ಡು ಎಣಿಸುವ ಮೊದಲು ಗ್ಯಾರೇಜಿನವನಿಗೆ ಒಂದು ಕೆಲಸ ಹೇಳಬೇಕು: ಒಂದು ಹಿಂಚಕ್ರವನ್ನು ಜಾಕ್ ಮೇಲಿಟ್ಟು ಎತ್ತಿ ತೋರಿಸು, ಇನ್ನೊಂದು ನೆಲ ಬಿಡುವುದು ಯಾವಾಗ ಎಂದು ನೋಡೋಣ. ಆ ಪರೀಕ್ಷೆಯಿಂದ ನುಣುಚಿಕೊಳ್ಳುವವನ ಕೈಗೆ ಗಾಡಿ ಕೊಡಬಾರದು.