ಎರಡನೆಯ ಎಳೆತಕ್ಕೆ ಕಾಯುವವರಿಗೆ

ಏಪ್ರಿಲ್ ತಿಂಗಳ ಸಂಜೆ ಇಂಗ್ಲೆಂಡಿನ ಸಾಮರ್‌ಸೆಟ್ ಕರಾವಳಿಯ ಮೈನ್‌ಹೆಡ್‌ಗೆ ಹೋದರೆ, ಕಲ್ಲುದಂಡೆಯುದ್ದಕ್ಕೂ ಮುಕ್ಕಾಲಿಗಳ ಮೇಲೆ ಒರಗಿಸಿದ ಉದ್ದನೆಯ ರಾಡುಗಳು ಕಾಣುತ್ತವೆ. ಅವುಗಳ ಒಡೆಯರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಸುಮ್ಮನೆ ಕೂತಿರುತ್ತಾರೆ. ದಾರಿಹೋಕರಿಗೆ ಇದು ಕೆಲಸವಿಲ್ಲದವರ ಕಾಲಕ್ಷೇಪ. ಆದರೆ ಮಾತು ಯಾವ ಕಡೆ ಹರಿದರೂ ಅವರ ಕಣ್ಣು ರಾಡಿನ ತುದಿ ಬಿಟ್ಟು ಕದಲುವುದಿಲ್ಲ. ದಂಡೆಯಲ್ಲಿ ನಿಂತು ತೊರಕೆಗೆ ಗಾಳ ಹಾಕುವುದರ ರುಚಿ ಇರುವುದು ಆ ತುದಿ ಮೊದಲ ಬಾರಿ ನಡುಗಿದ್ದಕ್ಕೂ ಎರಡನೆಯ ಬಾರಿ ಬಾಗುವುದಕ್ಕೂ ನಡುವಿನ ಬಿಡುವಿನಲ್ಲಿ. ಅಷ್ಟು ಹೊತ್ತು ಕೈ ಕಟ್ಟಿ ಕೂರಬಲ್ಲವರಿಗೆ ಮಾತ್ರ ಈ ಹವ್ಯಾಸ.

ಮಲ್ಪೆ, ಮಂಗಳೂರಿನ ಕಡೆಯವರಿಗೆ ತೊರಕೆ ಹೊಸದೇನಲ್ಲ. ಆದರೆ ನಮ್ಮ ಬಲೆಗೆ ಬೀಳುವುದು ಹೆಚ್ಚಾಗಿ ಬಾಲದಲ್ಲಿ ವಿಷದ ಮುಳ್ಳಿರುವ, ಮರಿ ಹಾಕುವ ಜಾತಿ. ಬ್ರಿಟನ್ನಿನ ದಂಡೆಯಲ್ಲಿ ಸಿಗುವ ಥಾರ್ನ್‌ಬ್ಯಾಕ್ ಮತ್ತು ಅದರ ಬಳಗ ಮೊಟ್ಟೆಯಿಡುವವು, ವಿಷವಿಲ್ಲದವು. ಥಾರ್ನ್‌ಬ್ಯಾಕ್ ಅನ್ನು ಗುರುತಿಸುವುದು ಸುಲಭ: ಬೆನ್ನಿನಿಂದ ಬಾಲದವರೆಗೆ ಅಗಲ ಬುಡದ ಗಟ್ಟಿ ಮುಳ್ಳುಗಳು. ಸ್ಮಾಲ್-ಐಡ್ ತೊರಕೆಗೆ ರೆಕ್ಕೆಯ ಅಂಚಿಗೆ ಸಮಾನಾಂತರವಾಗಿ ಮಸುಕು ಬಿಳಿಯ ಗೆರೆಗಳಿರುತ್ತವೆ. ಮೈನ್‌ಹೆಡ್ ಎದುರಿನ ಬ್ರಿಸ್ಟಲ್ ಚಾನೆಲ್ ಅದರ ತವರು. ಬ್ಲಾಂಡ್ ಮತ್ತು ಸ್ಪಾಟೆಡ್ ಎರಡಕ್ಕೂ ಮೈತುಂಬ ಚುಕ್ಕೆ. ಚುಕ್ಕೆ ರೆಕ್ಕೆಯ ಕಟ್ಟಕಡೆಯ ಅಂಚಿನವರೆಗೂ ಹೋದರೆ ಬ್ಲಾಂಡ್, ಅದಕ್ಕೂ ಮೊದಲೇ ನಿಂತರೆ ಸ್ಪಾಟೆಡ್. ಡಾರ್ಸೆಟ್‌ನ ಚೆಸಿಲ್ ಬೀಚ್ ಕಡೆ ಅಂಡುಲೇಟ್ ಎಂಬ ಚೆಲುವೆ ಸಿಗುತ್ತಾಳೆ, ಮೈಮೇಲೆ ಬಿಳಿ ಚುಕ್ಕೆಗಳ ಅಂಚು ಕಟ್ಟಿದ ಕಪ್ಪು ಅಲೆಗೆರೆಗಳು. ಅವಳನ್ನು ನೋಡಿ, ಫೋಟೊ ತೆಗೆದು, ನೀರಿಗೆ ಬಿಡಿ. ಗಂಡೋ ಹೆಣ್ಣೋ ಎಂದು ತಿಳಿಯಲು ಬಾಲದ ಬುಡ ನೋಡಿದರೆ ಸಾಕು. ಗಂಡಿಗೆ ಅಲ್ಲಿ ಎರಡು ಉದ್ದನೆಯ ಕಡ್ಡಿಗಳಂಥ ಅಂಗಗಳಿರುತ್ತವೆ.

ಜಾಗ ಮತ್ತು ಹೊತ್ತು, ಇವೆರಡು ಕೂಡಿಬಂದರೆ ಉಳಿದದ್ದೆಲ್ಲ ಅರ್ಧ ಆದಂತೆ. ಬ್ರಿಸ್ಟಲ್ ಚಾನೆಲ್‌ನಲ್ಲಿ ಭರತ-ಇಳಿತದ ಅಂತರ ಒಳಕೊನೆಯಲ್ಲಿ 14 ಮೀಟರ್ ಮುಟ್ಟುತ್ತದೆ. ಪ್ರಪಂಚದಲ್ಲಿ ಇದನ್ನು ಮೀರಿಸುವುದು ಕೆನಡಾದ ಫಂಡಿ ಕೊಲ್ಲಿಯಂಥ ಕಡೆ ಮಾತ್ರ. ಮಣ್ಣು ಕಲಕಿ ನೀರು ಸದಾ ಕಂದು. ಪ್ರವಾಸಿಗರು ಮೂಗು ಮುರಿಯುವ ಆ ಬಗ್ಗಡವೇ ಗಾಳಗಾರನ ಭಾಗ್ಯ, ಏಕೆಂದರೆ ಕಲಕು ನೀರಿನಲ್ಲಿ ತೊರಕೆ ಹಗಲಲ್ಲೂ ದಂಡೆಯ ಹತ್ತಿರ ಮೇಯುತ್ತದೆ. ನೀರು ತಿಳಿಯಾಗಿರುವ ಚೆಸಿಲ್‌ನಲ್ಲಾದರೆ ಕತ್ತಲಾಗುವವರೆಗೆ ಕಾಯುವುದು ಮೇಲು. ಇಲ್ಲಿ ಪಂಚಾಂಗ ನೋಡುವ ಅಭ್ಯಾಸ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆ-ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ದೊಡ್ಡ ಭರತ. ಆಗ ಮೈನ್‌ಹೆಡ್ ಸುತ್ತಮುತ್ತ ನೀರು ತುಂಬುವುದು ಬೆಳಗ್ಗೆ, ಸಂಜೆ ಏಳರ ಆಸುಪಾಸಿಗೆ, ಪೂರ್ತಿ ಇಳಿಯುವುದು ನಡುಹಗಲಿಗೆ. ಅಷ್ಟಮಿಯ ಹೊತ್ತಿಗೆ ಸಣ್ಣ ಭರತ. ಸೆಳೆತ ಕಡಿಮೆ, ಸೀಸ ನಿಂತಲ್ಲಿ ನಿಲ್ಲುತ್ತದೆ, ಕಲಿಯುವವರಿಗೆ ಇದೇ ಅನುಕೂಲ.

ನನ್ನ ಸಲಹೆಯೇನೆಂದರೆ, ಮೊದಲ ಸಲ ರಾಡ್ ಮನೆಯಲ್ಲೇ ಬಿಟ್ಟು ಹುಣ್ಣಿಮೆಯ ಮರುದಿನ ನಡುಹಗಲಿಗೆ ದಂಡೆಗೆ ಹೋಗಿ. ಸಂಜೆಗೆ ಹಲವು ಮೀಟರ್ ನೀರಿನಡಿ ಮುಳುಗುವ ನೆಲವೆಲ್ಲ ಬಿಸಿಲಿಗೆ ಬಿದ್ದಿರುತ್ತದೆ. ಬಂಡೆಗಳ ನಡುವೆ ಎಲ್ಲಿ ಮರಳಿನ ತೇಪೆಯಿದೆ, ಎಲ್ಲಿ ಕಡಲಪಾಚಿ ದಟ್ಟವಾಗಿದೆ, ಎಲ್ಲಿ ತಗ್ಗು ಓಡಿದೆ ಎಂದು ಕಣ್ಣಾರೆ ನೋಡಿ, ದಡದ ಮೇಲಿನ ಒಂದು ಕಂಬವನ್ನೋ ಮನೆಯನ್ನೋ ಗುರುತಿಟ್ಟುಕೊಳ್ಳಿ. ತೊರಕೆ ಬರುವುದು ಆ ಮರಳಿನ ತೇಪೆಗಳಿಗೆ ಮತ್ತು ಬಂಡೆಯ ಅಂಚಿಗೆ. ವೆಸ್ಟನ್-ಸೂಪರ್-ಮೇರ್ ಕಡೆಯ ಕೆಸರಿನ ಮೇಲೆ ಮಾತ್ರ ಕಾಲಿಡಬೇಡಿ. ಮೊಣಕಾಲವರೆಗೆ ಹೂತವರನ್ನು ಎಳೆದು ತೆಗೆಯುವಷ್ಟು ಹೊತ್ತನ್ನು ಏರುವ ನೀರು ಕೊಡುವುದಿಲ್ಲ. ಪೋರ್ಲಾಕ್ ವಿಯರ್, ವಾಚೆಟ್, ಎದುರು ದಡದ ವೇಲ್ಸ್‌ನಲ್ಲಿ ಪೆನಾರ್ತ್ ಮತ್ತು ಅಬರ್ಥಾ, ಎಲ್ಲವೂ ಹೆಸರಾದ ಜಾಗಗಳೇ. ಥಾರ್ನ್‌ಬ್ಯಾಕ್‌ಗೆ ವಸಂತ ಮತ್ತು ಶರತ್ಕಾಲ ಒಳ್ಳೆಯದು; ಸ್ಮಾಲ್-ಐಡ್ ಬೇಸಿಗೆಯುದ್ದಕ್ಕೂ ಸಿಗುತ್ತದೆ.

ಎರೆಯ ವಿಷಯದಲ್ಲಿ ಗಾಳಗಾರರು ಮುಗಿಯದ ವಾದ ಮಾಡುತ್ತಾರೆ, ನಾವು ಮಾಡುವುದು ಬೇಡ. ಸ್ಮಾಲ್-ಐಡ್‌ಗೆ ಸ್ಯಾಂಡ್ ಈಲ್ ಎಂಬ ಸಣ್ಣ ಮೀನು ಬಿಟ್ಟು ಬೇರೆ ಯೋಚಿಸಬೇಕಿಲ್ಲ. ಥಾರ್ನ್‌ಬ್ಯಾಕ್ ವಸಂತದಲ್ಲಿ ಚಿಪ್ಪು ಕಳಚುತ್ತಿರುವ ಏಡಿಗೆ ಮನಸೋಲುತ್ತದೆ. ಉಳಿದಂತೆ ಬಂಗುಡೆಯ ಹೋಳು, ಹೆರಿಂಗ್, ಬೊಂಡಾಸ ಎಲ್ಲಕ್ಕೂ ಬಾಯಿ ಹಾಕುತ್ತದೆ. ಎಸೆದಾಗ ಮೆತ್ತನೆಯ ಮೀನು ಚೂರಾಗದಂತೆ ಅದನ್ನು ಬೊಂಡಾಸದ ತೆಳು ಹಾಳೆಯಲ್ಲಿ ಸುತ್ತಿ ಎಲಾಸ್ಟಿಕ್ ನೂಲಿನಿಂದ ಬಿಗಿಯಬೇಕು. ಅಂಗೈಯುದ್ದದ, ರಸ ಸೋರುವ, ನೀಟಾದ ಕಟ್ಟು ಆಗಬೇಕು. ಫ್ರೀಜರಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ಹಳೆಯ ಎರೆಗಿಂತ ಬರಿಗೈಯಲ್ಲಿ ಹೋಗುವುದು ವಾಸಿ.

ಗಾಳದ ಜೋಡಣೆಗೆ ಇಲ್ಲಿ ಎಲ್ಲರೂ ನೆಚ್ಚುವುದು ಪುಲ್ಲಿ ರಿಗ್. ಒಂದೂವರೆ ಮೀಟರ್‌ನಷ್ಟು ದಪ್ಪ ನೈಲಾನ್ ತೆಗೆದುಕೊಳ್ಳಿ. ಅದನ್ನು ಒಂದು ಪುಲ್ಲಿ ಮಣಿಯೊಳಗೆ ತೂರಿಸಿ, ಆ ಮಣಿಯನ್ನು ರಾಡಿನಿಂದ ಬರುವ ದಾರಕ್ಕೆ ಕಟ್ಟಿ. ನೈಲಾನಿನ ಒಂದು ತುದಿಗೆ ಸೀಸ, ಇನ್ನೊಂದಕ್ಕೆ ಸ್ವಿವೆಲ್ ಎಂಬ ತಿರುಗುವ ಕೊಂಡಿ, ಸ್ವಿವೆಲ್‌ನಿಂದ ಮುಂದೆ 40ರಿಂದ 50 ಪೌಂಡ್ ತಾಳಿಕೆಯ ತುಂಡು ದಾರ, ಅದರ ಕೊನೆಗೆ ಒಂದರ ಹಿಂದೊಂದು 3/0 ಅಳತೆಯ ಎರಡು ಕೊಕ್ಕೆ. ಮೀನು ಎಳೆದೊಡನೆ ಬಾವಿಯ ರಾಟೆಯಲ್ಲಿ ಕೊಡ ಏರುವ ಹಾಗೆ ಸೀಸ ಮೇಲೇರಿ ಮಣಿಗೆ ತಾಗಿಕೊಳ್ಳುತ್ತದೆ, ಬಂಡೆಯ ಸಂದಿಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಸೀಸ 5ರಿಂದ 6 ಔನ್ಸಿನದಿರಲಿ, ನೆಲ ಕಚ್ಚುವ ತಂತಿಕೊಕ್ಕೆ ಇರುವಂಥದ್ದು. ರಾಡ್ 12-13 ಅಡಿ, ರೀಲಿನಲ್ಲಿ 15-20 ಪೌಂಡಿನ ದಾರ. ಆ ದಾರದ ಮುಂದುಗಡೆ ಎಸೆತದ ಜಗ್ಗು ತಾಳುವ ದಪ್ಪ ದಾರ, ಅಂದರೆ ಶಾಕ್ ಲೀಡರ್ ಕಟ್ಟಲೇಬೇಕು. ಸೀಸದ ಒಂದೊಂದು ಔನ್ಸಿಗೆ 10 ಪೌಂಡ್ ತಾಳಿಕೆ ಎಂಬುದು ಲೆಕ್ಕ. ಆರು ಔನ್ಸಿನ ಸೀಸ ಎಸೆತದಲ್ಲಿ ದಾರ ಹರಿದುಕೊಂಡು ಹಾರಿದರೆ ಅದು ಗುಂಡೇ, ಪಕ್ಕದಲ್ಲಿ ನಿಂತವರ ತಲೆ ಉಳಿಯುವ ಭರವಸೆಯಿಲ್ಲ. ಅಷ್ಟು ದೂರ ಎಸೆಯುವ ಚಟವೂ ಬೇಡ. ನೀವು ಗುರುತಿಟ್ಟ ಮರಳಿನ ತೇಪೆ ಎಪ್ಪತ್ತು ಮೀಟರ್ ಆಚೆಗಿದ್ದರೆ ನೂರಾಐವತ್ತು ಮೀಟರ್ ಎಸೆದ ಜಟ್ಟಿಗೆ ಬರೀ ತೋಳುನೋವು ಸಿಗುತ್ತದೆ.

ಇನ್ನು ಆ ಬಿಡುವಿನ ಮಾತು. ತೊರಕೆಯ ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುವುದನ್ನು ಅದು ನೋಡಲಾರದು. ವಾಸನೆ ಹಿಡಿದು ಬಂದು, ಮೂತಿಯ ಕೆಳಗಿನ ಸೂಕ್ಷ್ಮ ರಂಧ್ರಗಳಿಂದ ಜೀವಿಗಳ ಮಂದ ವಿದ್ಯುತ್ತನ್ನು ಗ್ರಹಿಸಿ, ತಿನಿಸಿನ ಮೇಲೆ ಇಡೀ ಮೈಯನ್ನು ಇಳಿಸಿ ಮುಚ್ಚಿಬಿಡುತ್ತದೆ. ಆಗ ರೆಕ್ಕೆ ದಾರಕ್ಕೆ ತಾಗಿ ರಾಡಿನ ತುದಿ ಟಕ್ ಟಕ್ ಎನ್ನುತ್ತದೆ. ಹೊಸಬರು ಓಡಿಬಂದು ಎಳೆದುಬಿಡುತ್ತಾರೆ, ಬರಿಯ ಎರೆ ಮೇಲೆ ಬರುತ್ತದೆ. ಮೀನಿನ ಬಾಯಿ ಇನ್ನೂ ಎರೆಯ ಮೇಲೆ ಬಂದೇ ಇರುವುದಿಲ್ಲ. ಆಮೇಲೆ ಏನೂ ಇಲ್ಲ. ಒಂದು ನಿಮಿಷವಿರಬಹುದು, ಐದು ನಿಮಿಷವಿರಬಹುದು. ಅದು ಅಡಿಯಲ್ಲಿ ಒಂದಿಷ್ಟು ಹಿಂದೆ ಮುಂದೆ ಸರಿದು, ಬಾಯಿಯನ್ನು ಎರೆಗೆ ಹೊಂದಿಸಿಕೊಂಡು, ಅಗಿದು, ಹೊರಡುತ್ತದೆ. ಆಗ ತುದಿ ನಿಧಾನವಾಗಿ, ಸಂಕೋಚವಿಲ್ಲದೆ ಕಡಲಿನ ಕಡೆ ಬಾಗುತ್ತದೆ. ಇಲ್ಲವೇ ಸೀಸ ಕಿತ್ತು ದಾರ ಒಮ್ಮೆಲೇ ಜೋತುಬೀಳುತ್ತದೆ. ಜೋತ ದಾರವನ್ನು ಬೇಗ ಬೇಗ ಸುತ್ತಿ, ತೂಕ ಕೈಗೆ ಸಿಕ್ಕಮೇಲೆ ರಾಡನ್ನು ಹಿಂದಕ್ಕೆ ಒರಗಿಸಿದರೆ ಸಾಕು. ಜಗ್ಗುವ ಶೌರ್ಯ ಬೇಕಿಲ್ಲ.

ಎಳೆಯುವಾಗ ಅದು ಓಡುವುದಿಲ್ಲ. ರೆಕ್ಕೆ ಬಿಚ್ಚಿ ಸೆಳೆತಕ್ಕೆ ಮೈಕೊಟ್ಟು ಪಕ್ಕಕ್ಕೆ ಜಾರುತ್ತದೆ, ಒಮ್ಮೊಮ್ಮೆ ನೆಲಕ್ಕೆ ಅಂಟಿಕೊಂಡು ಬಂಡೆಯೇ ಸಿಕ್ಕಿತೇನೋ ಅನ್ನಿಸುತ್ತದೆ. ಆಗ ಎಳೆತ ಸಡಿಲಿಸದೆ ಸುಮ್ಮನಿದ್ದರೆ ತಾನಾಗಿ ಏಳುತ್ತದೆ. ದಡಕ್ಕೆ ಬಂದಾಗ ಅಲೆಯ ಜತೆ ಜಾರಿಸಿ ತನ್ನಿ, ದಾರ ಹಿಡಿದು ಎತ್ತಬೇಡಿ. ಬಾಲ ಹಿಡಿದು ತೂಗಾಡಿಸುವುದು, ಕಣ್ಣಿನ ಹಿಂದಿನ ಉಸಿರುರಂಧ್ರಕ್ಕೆ ಬೆರಳು ತೂರಿಸುವುದು, ಎರಡೂ ಮೀನಿಗೆ ಹಿಂಸೆ. ಎರಡೂ ಕೈಯಿಂದ ಮೈಯಡಿಗೆ ಆಸರೆ ಕೊಟ್ಟು, ಕೊಕ್ಕೆಯನ್ನು ಉದ್ದ ಚಿಮುಟದಿಂದ ತೆಗೆಯಿರಿ. ಅದರ ಹಲ್ಲು ಏಡಿಯ ಚಿಪ್ಪು ಅರೆಯುವಂಥದ್ದು, ಬೆರಳಿಗೆ ರಿಯಾಯಿತಿಯಿಲ್ಲ. ಎಸೆಕ್ಸ್ ಮತ್ತು ಸೋಲೆಂಟ್ ಕಡೆ ಬೇಸಿಗೆಯಲ್ಲಿ ನಮ್ಮೂರಿನ ಥರದ ವಿಷಮುಳ್ಳಿನ ತೊರಕೆಯೂ ಬರುತ್ತದೆ. ಚಾಟಿಯಂಥ ಬಾಲ, ಅದರ ನಡುವೆ ಗರಗಸದ ಮುಳ್ಳು ಕಂಡರೆ ದಾರ ಕತ್ತರಿಸಿ ಬಿಟ್ಟುಬಿಡಿ.

ಇಂಗ್ಲೆಂಡಿನ ಕಡಲದಂಡೆಯಲ್ಲಿ ರಾಡಿನಿಂದ ತೊರಕೆ ಹಿಡಿಯಲು ಪರವಾನಗಿ ಬೇಡ, ಆದರೆ ಒಯ್ಯುವ ಮೀನಿನ ಕನಿಷ್ಠ ಅಳತೆಗೆ ಊರೂರಿಗೂ ನಿಯಮವಿದೆ. ಹೊರಡುವ ಮೊದಲು ನೋಡಿಕೊಳ್ಳಿ. ತೊರಕೆ ನಿಧಾನವಾಗಿ ಬೆಳೆದು ತಡವಾಗಿ ಮೊಟ್ಟೆಗೆ ಬರುವ ಮೀನು, ಆದ್ದರಿಂದ ದೊಡ್ಡ ಹೆಣ್ಣುಗಳನ್ನು ಬಿಡುವುದೇ ಸರಿ. ನಾಲ್ಕು ಮೂಲೆಗೂ ಕೊಂಬಿರುವ ಅದರ ಕಪ್ಪು ಮೊಟ್ಟೆಚೀಲ ದಂಡೆಯ ಕಸದಲ್ಲಿ ಸಿಕ್ಕರೆ ಎತ್ತಿಟ್ಟುಕೊಳ್ಳಿ. ಶಾರ್ಕ್ ಟ್ರಸ್ಟ್ ಎಂಬ ಬ್ರಿಟನ್ನಿನ ಸಂಸ್ಥೆ 2003ರಿಂದ ಇಂಥ ಚೀಲಗಳ ಲೆಕ್ಕವನ್ನು ಜನರಿಂದಲೇ ತರಿಸಿಕೊಳ್ಳುತ್ತಿದೆ, ಯಾವ ನೀರಿನಲ್ಲಿ ಯಾವ ಜಾತಿ ಮೊಟ್ಟೆಯಿಡುತ್ತದೆ ಎಂದು ತಿಳಿಯಲು. ತಿನ್ನುವ ಆಸೆಯಿದ್ದರೆ ಒಂದು ಮಧ್ಯಮ ಗಂಡು ಥಾರ್ನ್‌ಬ್ಯಾಕ್ ಸಾಕು. ಹಿಡಿದ ಕೂಡಲೇ ರಕ್ತ ಬಸಿದು ರೆಕ್ಕೆಗಳನ್ನು ಕತ್ತರಿಸಿ ತಣ್ಣಗಿಡಿ, ತಡಮಾಡಿದರೆ ಅಮೋನಿಯಾ ನಾತ ಹಿಡಿಯುತ್ತದೆ. ಚರ್ಮ ಸುಲಿಯಲು ಇಕ್ಕಳ ಬೇಕೇ ಬೇಕು. ಇಲ್ಲಿನವರು ಬೆಣ್ಣೆಯಲ್ಲಿ ಹುರಿಯುತ್ತಾರೆ; ಹುಳಿ-ಮೆಣಸು ಅರೆದು ಪುಳಿಮುಂಚಿ ಮಾಡಿದರೆ ಮೃದ್ವಸ್ಥಿಯ ಎಳೆಗಳ ನಡುವಿನ ಮಾಂಸ ಮಸಾಲೆಯನ್ನು ಇನ್ನೂ ಚೆನ್ನಾಗಿ ಹೀರುತ್ತದೆ, ಕುಚ್ಚಲಕ್ಕಿ ಅನ್ನ ಸಿಕ್ಕರೆ ಮತ್ತೂ ಒಳ್ಳೆಯದು.