ಕಿರುಬೆರಳಿಗೊಂದು ಮೆಟ್ಟಿಲು

ಕೊಡಲಿಯಾಗಲಿ ಗುದ್ದಲಿಯಾಗಲಿ, ನಮ್ಮ ಕಡೆ ಕಾವು ನಯವಾಗಿರಬೇಕು. ಬೀಸುವಾಗ ಕೈ ಕಾವಿನುದ್ದಕ್ಕೂ ಸರಿದಾಡುತ್ತದೆ. ನಡುವೆ ಒಂದು ಗಂಟಿದ್ದರೂ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಹಿಮಪರ್ವತ ಹತ್ತುವವರು ಮಾತ್ರ ತಮ್ಮ ಐಸ್ ಆಕ್ಸ್‌ನ ಕಾವಿಗೆ ದುಡ್ಡು ಕೊಟ್ಟು ಒಂದು ಗಂಟು ತಂದು ಕೂರಿಸುತ್ತಾರೆ. ಕಿರುಬೆರಳಿನ ಕೆಳಗೆ ಕೊಕ್ಕೆಯಂತೆ ಚಾಚಿಕೊಳ್ಳುವ ಪುಟ್ಟ ತುಂಡು ಅದು. ಕಾವಿನ ಮೇಲೆ ಅದನ್ನು ಬೇಕಾದಲ್ಲಿಗೆ ಸರಿಸಬಹುದು. ಪೆಟ್ಜಲ್ ಕಂಪನಿಯ ಟ್ರಿಗ್‌ರೆಸ್ಟ್ ಈ ಜಾತಿಯಲ್ಲಿ ಹೆಸರಾದದ್ದು. ಅವರದೇ ಸಮ್‌ಟೆಕ್, ಗಲ್ಲಿ ಎಂಬ ಆಕ್ಸ್‌ಗಳಿಗೆ ಹೊಂದುತ್ತದೆ, ಸರಿಸಲು ಸ್ಪ್ಯಾನರ್ ಬೇಡ. ಬ್ಲ್ಯಾಕ್ ಡೈಮಂಡ್‌ನ ವೆನಮ್ ಆಕ್ಸ್‌ನಲ್ಲಿ ಇದೇ ಕೆಲಸಕ್ಕೆ ಟ್ರೆಕಿಂಗ್ ಕೋಲಿನಲ್ಲಿರುವಂಥ ಫ್ಲಿಕ್‌ಲಾಕ್ ಎಂಬ ಚಿಲಕ ಇದೆ.

ಇದು ಅಗತ್ಯವೋ ಅಲಂಕಾರವೋ? ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೈಗೆ ಆಸರೆ ಕೊಡುವುದು ಈ ತುಂಡಿನ ಅರ್ಧ ಗುಣ. ಬೇಡವಾದಾಗ ದಾರಿ ಬಿಟ್ಟು ನಿಲ್ಲುವುದು ಇನ್ನರ್ಧ, ಮತ್ತು ಹೆಚ್ಚಿನ ಅರ್ಧ. ಕೊಳ್ಳುವವರು ಪರೀಕ್ಷಿಸುವುದು ಮೊದಲನೆಯದನ್ನು ಮಾತ್ರ. ಅಂಗಡಿಯಲ್ಲಿ ನಿಂತು ಒಮ್ಮೆ ಜಗ್ಗಿ ನೋಡಿ, ಗಟ್ಟಿಯಿದೆ ಎಂದು ಬಿಲ್ ಮಾಡಿಸುತ್ತಾರೆ.

ಜಗ್ಗುವ ವಿಷಯವನ್ನೇ ಮೊದಲು ನೋಡೋಣ. ಉತ್ತರಕಾಶಿಯ ಮೇಲಣ ಡೊಕ್ರಾಣಿ ಹಿಮನದಿಯಲ್ಲಿ, ಪರ್ವತಾರೋಹಣದ ಬೇಸಿಕ್ ಕೋರ್ಸಿನ ದಿನಗಳಲ್ಲಿ, ನಾನು ಮೊದಲ ಸಲ ನೀಲಿ ಮಂಜುಗಡ್ಡೆಗೆ ಆಕ್ಸ್‌ನ ಕೊಕ್ಕು ನೆಟ್ಟು ಕಾವಿನ ಬುಡ ಹಿಡಿದು ನೇತುಬಿದ್ದೆ. ನೆಟ್ಟ ಕೊಕ್ಕು ಅಲ್ಲಾಡಲಿಲ್ಲ. ಜಾರಿದ್ದು ನನ್ನ ಕೈ. ಒದ್ದೆಯಾದ ಕೈಗವಸು, ನುಣುಪಾದ ಅಲ್ಯುಮಿನಿಯಂ. ಲೆಕ್ಕ ಸರಳ: ಕೈಗೆ 30 ಕಿಲೋ ಭಾರ ಬಿದ್ದಿದೆ, ಘರ್ಷಣೆಯ ಗುಣಾಂಕ 0.5 ಇದೆ ಎಂದುಕೊಂಡರೆ, ಜಾರದೆ ನಿಲ್ಲಲು ಬೆರಳುಗಳೂ ಅಂಗೈಯೂ ಸೇರಿ ಒಟ್ಟು 60 ಕಿಲೋದಷ್ಟು ಬಲದಿಂದ ಕಾವನ್ನು ಹಿಂಡಬೇಕು. ಹೀಗೆ ಹಿಂಡುವಾಗ ಮುಂಗೈ ಸ್ನಾಯು ಕಲ್ಲಾಗುತ್ತದೆ, ಬೆರಳಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಚಳಿಗೆ ಬೆರಳು ಮರಗಟ್ಟುತ್ತದೆ. ಮತ್ತೆ ರಕ್ತ ನುಗ್ಗಿದಾಗ ಆಗುವ ನೋವಿಗೆ ದೊಡ್ಡವರೂ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಕಿರುಬೆರಳಿನಡಿ ಒಂದು ಮೆಟ್ಟಿಲಿದ್ದರೆ ಕೈ ಅದರ ಮೇಲೆ ಕೂರುತ್ತದೆ. ಭಾರ ಸ್ನಾಯುವಿನಿಂದ ಮೂಳೆಗೆ ಇಳಿಯುತ್ತದೆ, ಮುಷ್ಟಿ ಸಡಿಲವಾಗುತ್ತದೆ.

ಈ ಮೆಟ್ಟಿಲಿಗೊಂದು ವಂಶಾವಳಿಯೂ ಇದೆ. ಹಳೆಯ ಆಕ್ಸ್‌ಗಳು ಊರುಗೋಲಿನಷ್ಟು ಉದ್ದ, ಅವನ್ನು ಹಿಡಿಯುತ್ತಿದ್ದುದೂ ಊರುಗೋಲಿನಂತೆಯೇ. 1966ರಲ್ಲಿ ಅಮೆರಿಕದ ಇವಾನ್ ಶುನಾರ್ಡ್ ಫ್ರಾನ್ಸಿನ ಷಾರ್ಲೆ ಕಾರ್ಖಾನೆಯವರನ್ನು ಒಪ್ಪಿಸಿ ಬಾಗಿದ ಕೊಕ್ಕಿನ, 55 ಸೆಂಟಿಮೀಟರಿನ ಆಕ್ಸ್ ಮಾಡಿಸಿದ. ಸ್ಕಾಟ್ಲೆಂಡಿನ ಹ್ಯಾಮಿಶ್ ಮೆಕಿನ್ನಿಸ್ ಕೊಕ್ಕನ್ನು ಇನ್ನೂ ಕಡಿದಾಗಿ ಕೆಳಕ್ಕಿಳಿಸಿ ಟೆರರ್‌ಡ್ಯಾಕ್ಟಿಲ್ ಎಂಬ ಆಕ್ಸ್ ತಂದ. ಅದನ್ನು ಬೀಸಿದವರ ಗೆಣ್ಣುಗಳು ಮಂಜುಗಡ್ಡೆಗೆ ಬಡಿದು ರಕ್ತವಾಗುತ್ತಿದ್ದವಂತೆ. ಆಕ್ಸ್‌ನಿಂದ ನೇತಾಡುವ ಕಾಲ ಬಂತು. ಭಾರ ಹೊರಲು ಮಣಿಕಟ್ಟಿಗೆ ಪಟ್ಟಿ ಕಟ್ಟಿದರು, ಅದೇ ಲೀಶ್. ಕೈ ಸೋತರೂ ಪಟ್ಟಿ ಹಿಡಿಯುತ್ತಿತ್ತು. ಆದರೆ ಹಗ್ಗದ ಆಸರೆಗೆ ಮಂಜುಗಡ್ಡೆಯೊಳಕ್ಕೆ ಐಸ್ ಸ್ಕ್ರೂ ತಿರುಗಿಸಬೇಕಾದಾಗಲೆಲ್ಲ ಮಣಿಕಟ್ಟನ್ನು ಬಿಡಿಸಿಕೊಳ್ಳುವ ಪರದಾಟ. 2000ದ ಆಚೀಚೆ ಕಡಿದಾದ ಮಂಜು ಹತ್ತುವವರು ಲೀಶ್ ಕಳಚಿ ಎಸೆದರು. ಪಟ್ಟಿ ಹೋದ ಮೇಲೆ ಭಾರಕ್ಕೊಂದು ಜಾಗ ಬೇಕಲ್ಲ? ಅದು ಕಿರುಬೆರಳಿನಡಿ ಬಂದು ಕೂತಿತು.

ಕಾವಿನ ಬುಡಕ್ಕೇ ಮೆಟ್ಟಿಲನ್ನು ಅಚ್ಚು ಹಾಕಿದ ಆಕ್ಸ್‌ಗಳು ನೆಟ್ಟನೆಯ ಜಲಪಾತದ ಮಂಜಿಗೆ ಚೆನ್ನ. ದೊಡ್ಡ ಪರ್ವತದಲ್ಲಿ ಒಂದೇ ದಿನ ಒಂದೇ ಆಕ್ಸ್ ನಾಲ್ಕು ವೇಷ ಹಾಕಬೇಕು. ನಸುಕಿನಲ್ಲಿ ತಲೆ ಹಿಡಿದು ಊರುಗೋಲು. ಇಳಿಜಾರು ಏರಿದಂತೆ ತಲೆಯ ಕೆಳಗೆ ಕಾವು ಹಿಡಿದು ಚೂರಿಯಂತೆ ಚುಚ್ಚುವ ಸಾಧನ. ಕಡಿದಾದಲ್ಲಿ ಬುಡ ಹಿಡಿದು ಬೀಸುವ ಕೊಡಲಿ. ಇಳಿಯುವಾಗ ಮೆತ್ತನೆಯ ಹಿಮಕ್ಕೆ ಕಾವನ್ನು ಕತ್ತಿನವರೆಗೂ ಇಳಿಸಿ ನೆಟ್ಟರೆ ಜೀವ ಕಾಯುವ ಗೂಟ. ಸರಿದಾಡುವ ಹಿಡಿಗೆ ಬೆಲೆ ಬರುವುದು ಇಲ್ಲಿ. ಬುಡದಲ್ಲಿದ್ದರೆ ಕೊಡಲಿಗೆ ಮೆಟ್ಟಿಲು. ತಲೆಯ ಬಳಿಗೆ ಏರಿಸಿದರೆ ಚುಚ್ಚುವ ಕೈಗೆ ಆಸರೆ, ಕೆಳಗಿನ ಕಾವು ಪೂರ್ತಿ ಖಾಲಿ, ಹಿಮದೊಳಕ್ಕೆ ತಡೆಯಿಲ್ಲದೆ ಇಳಿಯುತ್ತದೆ. ಟ್ರಿಗ್‌ರೆಸ್ಟ್ ಮಾದರಿಯ ಜಾಣತನವೆಂದರೆ ಇದೇ. ಗಲ್ಲಿ ಆಕ್ಸ್ 280 ಗ್ರಾಂ ಆಸುಪಾಸಿನದು. ಅಷ್ಟು ಹಗುರ ವಸ್ತು ಇಷ್ಟು ವೇಷ ಬದಲಿಸುವುದು ಸಣ್ಣ ಸಾಧನೆಯಲ್ಲ.

ಕುಂದುಗಳೂ ಇವೆ. ಸರಿಯುವ ಯಾವುದೇ ಭಾಗಕ್ಕೆ ಹಿಮ ಶತ್ರು. ಪುಡಿಹಿಮ ಸಂದಿಗೆ ಸೇರಿ ಗಟ್ಟಿಯಾದರೆ ದಪ್ಪ ಕೈಗವಸಿನಲ್ಲಿ ಅದನ್ನು ಬಿಡಿಸುವುದು ತಾಳ್ಮೆಯ ಕೆಲಸ. ಎರಡನೆಯದು, ಬೇಸರದ ಸಂಗತಿ: ಒಂದು ಕಂಪನಿಯ ಹಿಡಿ ಸಾಮಾನ್ಯವಾಗಿ ಇನ್ನೊಂದರ ಕಾವಿಗೆ ಕೂರುವುದಿಲ್ಲ. ಕಾವುಗಳ ಅಡ್ಡಕೊಯ್ತ ಒಂದೊಂದೂ ಬೇರೆ, ಹೀಗಾಗಿ ಹಿಡಿಯ ನೆಪದಲ್ಲಿ ಆಕ್ಸ್‌ನ್ನೂ ಅವರದೇ ಕೊಳ್ಳಬೇಕು. ಮೂರನೆಯದು ತಯಾರಕರ ತಪ್ಪಲ್ಲ, ನಮ್ಮದು. ಹಿಡಿ ಕೂರಿಸಿದ ಕೂಡಲೇ ಸಾದಾ ಆಕ್ಸ್ ತಾಂತ್ರಿಕ ಆಕ್ಸ್ ಆಯಿತೆಂದು ನಂಬುವವರಿದ್ದಾರೆ. ಯುರೋಪಿನ ಮಾನದಂಡದಲ್ಲಿ ಸಾದಾ ಆಕ್ಸ್‌ಗೆ ಟೈಪ್ 1, ತಾಂತ್ರಿಕ ಆಕ್ಸ್‌ಗೆ ಟೈಪ್ 2 ಎಂಬ ವಿಂಗಡಣೆ ಇರುವುದು ಬಲಕ್ಕೆ ಸಂಬಂಧಿಸಿದ್ದು. ಕಿರುಬೆರಳಿನ ಆಸರೆ ಆ ಬಲಕ್ಕೆ ಒಂದು ಗುಂಜಿಯನ್ನೂ ಸೇರಿಸುವುದಿಲ್ಲ.

ಬೆಂಗಳೂರಿನಿಂದ ಹೊರಡುವ ಹವ್ಯಾಸಿಗಳಲ್ಲಿ ಬಹಳ ಮಂದಿಯ ಮೊದಲ ಶಿಖರ ಮನಾಲಿಯ ಬಳಿಯ ಫ್ರೆಂಡ್‌ಶಿಪ್, 5,289 ಮೀಟರ್. ಅದರ ಸಾಮಾನ್ಯ ದಾರಿಗೆ ಈ ಹಿಡಿ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕೈ ಬಹುಪಾಲು ಆಕ್ಸ್‌ನ ತಲೆಯ ಮೇಲೇ ಇರುತ್ತದೆ. ಬುಡದ ಮೆಟ್ಟಿಲು ಫೋಟೋಗೆ ಚಂದ, ಅಷ್ಟೆ. ಐವತ್ತು ಡಿಗ್ರಿ ಇಳಿಜಾರು ದಾಟಿದ ಗಟ್ಟಿ ಮಂಜು, ಬಂಡೆ ಮಂಜು ಬೆರೆತ ಕಿರು ಕಣಿವೆ, ಒಂದೇ ಆಕ್ಸ್ ಹೊತ್ತು ಹಗುರವಾಗಿ ಹೊರಟಿದ್ದೀರಿ ಎಂದಾದರೆ ಮಾತು ಬೇರೆ; ಅಲ್ಲಿ ಅದು ತನ್ನ ತೂಕವನ್ನು ತಾನೇ ತೀರಿಸುತ್ತದೆ. ನಡುವಿನವರಿಗೆ ಸೈಕಲ್ ಟ್ಯೂಬಿನ ತುಂಡೋ ಹಾಕಿ ಟೇಪೋ ಸಾಕು. ಕಾವಿನ ಕೆಳಭಾಗಕ್ಕೆ ಸುತ್ತಿ, ತುದಿಯಲ್ಲಿ ನಾಲ್ಕು ಸುತ್ತು ಹೆಚ್ಚಿಸಿದರೆ ಒಂದು ಉಬ್ಬು ಬರುತ್ತದೆ. ಸರಿದಾಡುವುದಿಲ್ಲ ನಿಜ, ಆದರೆ ಹಿಮಕ್ಕೆ ಇಳಿಯಲು ಅಷ್ಟೇನೂ ಅಡ್ಡಿಯಿಲ್ಲ. ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ಪನ್ನೂ ಏರಿಸಿ ನೋಡಿದೆ. ಬ್ಯಾಟಿನ ದುಂಡು ಹಿಡಿಕೆಗೆ ಹೊಲಿದ ಅಂಗಿ ಚಪ್ಪಟೆ ಕಾವಿಗೆ ದೊಗಳೆಯಾಯಿತು. ಕಾವಿಗೆ ತೂತು ಕೊರೆಯುವ ಯೋಚನೆ ಮಾತ್ರ ಬೇಡವೇ ಬೇಡ, ಮುರಿಯುವುದು ಅಲ್ಲಿಂದಲೇ.

ಕಡೆಗೆ ನಾನೇ ಒಂದು ಹಿಡಿ ಮಾಡಿದೆ. ಹೋಸ್ ಕ್ಲ್ಯಾಂಪ್, ಅದರಡಿ ರಬ್ಬರ್ ಪಟ್ಟಿ, ಅಲ್ಯುಮಿನಿಯಂ ಚೂರಿನ ಕೊಕ್ಕೆ. ಮನೆಯ ಕಿಟಕಿ ಸರಳಿಗೆ ಆಕ್ಸ್ ಸಿಕ್ಕಿಸಿ ನೇತಾಡಿದೆ, ಜಗ್ಗಲಿಲ್ಲ. ಬೆಟ್ಟದ ಮೇಲೆ ಹತ್ತುವಾಗಲೂ ಮೋಸ ಮಾಡಲಿಲ್ಲ. ಇಳಿಯುವಾಗ ಮಧ್ಯಾಹ್ನದ ಹಿಮ ಮೆತ್ತಗಾಗಿತ್ತು. ಕಾವು ಊರಿದೆ, ಒಂದು ಗೇಣು ಇಳಿದು ಕ್ಲ್ಯಾಂಪಿಗೆ ತಡೆದು ನಿಂತಿತು. ಮೇಲಕ್ಕೆ ಸರಿಸೋಣವೆಂದರೆ ಸ್ಕ್ರೂಡ್ರೈವರ್ ಕೆಳಗೆ ಟೆಂಟಿನಲ್ಲಿ. ಪ್ರತಿ ಹೆಜ್ಜೆಗೂ ಒಂದು ಗೇಣಷ್ಟೇ ಭರವಸೆ ನೆಡುತ್ತ, ಉಳಿದವರಿಗಿಂತ ಎರಡು ಗಂಟೆ ತಡವಾಗಿ ಕ್ಯಾಂಪು ಮುಟ್ಟಿದೆ. ಆ ಕ್ಲ್ಯಾಂಪ್ ಈಗ ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ.